ಸೇತುವೆಯ ಮೇಲಿನ ಚುಕ್ಕೆ

ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: 'ಮಧ್ಯಾಹ್ನ ನೀರು ಬಿಡಲಾಯಿತು.' ಬಿಡಲು ಹೇಳಿದವರು ಯಾರು ಎಂಬುದು ಅದರಲ್ಲಿಲ್ಲ. ಎಂ.ಎ. ಓದಿದವಳ ಜಾಣತನ ಅದು.

ಶಹಾಪುರ ತಾಲ್ಲೂಕಿನಲ್ಲಿ, ವನದುರ್ಗದ ಆಚೆ, ಒಂದು ಮರಿಕಾಲುವೆಯ ಬಿರುಕುಗಳನ್ನು ಗುರುತಿಸುವ ಕೆಲಸ ನಮ್ಮದಾಗಿತ್ತು. ನನ್ನ ಜೊತೆಗಾರ, ಸುರಪುರದವನು, ಒಣಗಿದ ಕಾಲುವೆಯೊಳಗೆ ನಡೆಯುತ್ತ ಬಿರುಕು ಕಂಡಲ್ಲೆಲ್ಲ ಹೇಳುತ್ತಿದ್ದ. ನಾನು ಗೇಟಿನ ಬಳಿ ಕೂತು ಬರೆದುಕೊಳ್ಳುತ್ತಿದ್ದೆ. ಇಬ್ಬರ ಕೈಯಲ್ಲೂ ಜಿಪಿಎಸ್ ಇದ್ದ ವಾಕಿಟಾಕಿ. ಅವನು ಮಾತಾಡಿದರೆ ಅವನಿದ್ದ ಜಾಗ ನನ್ನ ಪರದೆಯಲ್ಲಿ ಕೆಂಪು ಚುಕ್ಕೆಯಾಗಿ ಮೂಡುತ್ತಿತ್ತು. ನನಗೆ ಅದೊಂದು ಹೆಮ್ಮೆ.

ಗೇಟು ನೋಡಿಕೊಳ್ಳುವ ಲಸ್ಕರನಿಗೆ ತನ್ನದೇ ಪದ್ಧತಿಯಿತ್ತು. ಕಾಲುವೆಗೆ ಇಳಿಯುವವರು ಚಪ್ಪಲಿಯನ್ನು ಗೇಟಿನ ಚಕ್ರದ ಬುಡದಲ್ಲಿ ಬಿಟ್ಟು ಇಳಿಯಬೇಕು. ಚಪ್ಪಲಿ ಅಲ್ಲಿರುವವರೆಗೆ ಅವನು ಚಕ್ರ ಮುಟ್ಟುತ್ತಿರಲಿಲ್ಲ.

ಜೊತೆಗಾರ ದೂರದ ರಸ್ತೆ ಸೇತುವೆಯ ಬಳಿ ಮೇಲೆ ಹತ್ತಿ, "ಮುಗೀತ್ರಿ ಮೇಡಂ, ಬರಾಕತ್ತೇನಿ" ಎಂದ. ಚುಕ್ಕೆ ಸೇತುವೆಯ ಮೇಲೆ ನಿಂತಿತು.

ಅಷ್ಟರಲ್ಲಿ ಲಸ್ಕರನಿಗೆ ಫೋನಿನ ಮೇಲೆ ಫೋನು. ಕೆಳಗಿನ ಊರಿನವರು ಸಸಿಮಡಿಗೆ ನೀರಿಗಾಗಿ ಕಾದಿದ್ದರು.

"ತಗೀರಿ, ಅವ್ರು ಮ್ಯಾಲೆ ಬಂದಾರ," ಎಂದೆ.

"ಚಪ್ಪಲ್ ಇಲ್ಲೇ ಅದಾವಲ್ರಿ ಬಾಯಾರ."

"ಮಷೀನಿನ್ಯಾಗ ಕಾಣಾಕತ್ಯಾದ ನೋಡ್ರಿ. ಚಪ್ಪಲ್ ದೊಡ್ಡದೇನು, ಸೆಟಲೈಟ್ ದೊಡ್ಡದೇನು?"

ಅವನು ನಕ್ಕ. ನಕ್ಕನೆಂದೇ ನನ್ನ ನೆನಪು. ಚಕ್ರ ತಿರುಗಿತು. ನೀರು ಕೆಂಪು ನೊರೆಯಾಗಿ ಕಸಕಡ್ಡಿ ನೂಕಿಕೊಂಡು ಹೊರಟಿತು.

ಸ್ವಲ್ಪ ಹೊತ್ತಿಗೆ ವಾಕಿಟಾಕಿ ಕಿರುಚಿತು. "ಯಾರ್ರಿ ಗೇಟ್ ತಗದವ್ರು? ನಾ ಒಳಗದೀನಿ!"

ನನ್ನ ಕಣ್ಣೆದುರಿಗೇ ಚುಕ್ಕೆ ಸೇತುವೆಯಿಂದ ಜಿಗಿದು ಕಾಲುವೆಯ ನಡುವೆ ಬಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಈಗ' ಎಂದಿತ್ತು. ಆ ಜಾಗದಲ್ಲಿ ಮೊದಲೂ ಏನೋ ಬರೆದಿರಬೇಕು, ಎಷ್ಟು ನಿಮಿಷ ಹಿಂದಿನದೆಂದು. ನಾನು ಓದಿರಲಿಲ್ಲ. ಅವನು ಗುಂಡಿ ಒತ್ತಿದಾಗ ಮಾತ್ರ ಚುಕ್ಕೆ ಸರಿಯುತ್ತದೆಂದು ಗೊತ್ತಿದ್ದವಳು ನಾನೇ. ಕಾಲುವೆಯ ಪಕ್ಕದ ಏರಿಯ ತುಂಬ ಜಾಲಿಮುಳ್ಳು. ಬರಿಗಾಲಿನವನು ಮತ್ತೆ ಕಾಲುವೆಗಿಳಿದೇ ಹಿಂದಿರುಗುತ್ತಾನಲ್ಲದೆ ಇನ್ನೆಲ್ಲಿ ನಡೆದಾನು? ಆ ಚಪ್ಪಲಿ ನನ್ನ ಪಾದದ ಪಕ್ಕದಲ್ಲೇ ಇತ್ತು.

ಲಸ್ಕರ ಬೈಯುತ್ತಲೇ ಚಕ್ರವನ್ನು ಹಿಂದಕ್ಕೆ ತಿರುಗಿಸಿದ. ನಾನು ಏರಿಯ ಮೇಲೆ ಓಡಿದೆ. ಮುಳ್ಳು ಚುಚ್ಚಿತೋ ಇಲ್ಲವೋ, ನೆನಪಿಲ್ಲ.

ಯಾರೋ ರೈತರು ಕದ್ದು ನೀರೆತ್ತಲು ಇಳಿಬಿಟ್ಟಿದ್ದ ಪೈಪನ್ನು ತಬ್ಬಿಕೊಂಡು ಅವನು ನಿಂತಿದ್ದ. ತೊಡೆಮಟ್ಟ ನೀರು. ಪಾಚಿಗಟ್ಟಿದ ಇಳಿಜಾರಿನಲ್ಲಿ ಎರಡು ಸಲ ಜಾರಿದ್ದನಂತೆ. ನನ್ನ ದುಪಟ್ಟಾ ಇಳಿಬಿಟ್ಟೆ. ನೀರು ಇಳಿದ ಮೇಲೆ ಅದನ್ನು ಹಿಡಿದು ಹತ್ತಿ ಬಂದ.

ಗೇಟಿಗೆ ಮರಳಿದಾಗ ಅವನು ನೇರವಾಗಿ ಲಸ್ಕರನನ್ನೇ ಕೇಳಿದ. "ಚಪ್ಪಲ್ ಕಾಣ್ಲಿಲ್ಲೇನೋ ಕಾಕಾ?"

ಲಸ್ಕರ ಬಗ್ಗಿ ಚಪ್ಪಲಿಗಳನ್ನು ಎತ್ತಿ ಅವನ ಮುಂದಿಟ್ಟ.

"ನಾನೇ ತಗೀರಿ ಅಂದೆ," ಎಂದೆ. ಕೂಡಲೇ ಅಂದೆನೋ, ತಡೆದು ಅಂದೆನೋ ಖಚಿತವಿಲ್ಲ. ಆಮೇಲೆ ಲಸ್ಕರ ಹೇಳಿದ ಪ್ರಕಾರ, ಗೇಟು ತೆಗೆಯುವ ಮುಂಚೆ ತಾನು ಚಪ್ಪಲಿಯ ಮಾತನ್ನು ಮೂರು ಸಲ ಎತ್ತಿದ್ದ. ನನಗೆ ನೆನಪಿರುವುದು ಒಂದೇ ಸಲ.

ಮರುದಿನ ಕಾಲುವೆಗೆ ಇಳಿಯುವ ಮುಂಚೆ ಜೊತೆಗಾರ ಚಪ್ಪಲಿ ಕಳಚಿದ. ಚಕ್ರದ ಬುಡದಲ್ಲಿ ಇಡಲಿಲ್ಲ, ನನ್ನ ಮಡಿಲಲ್ಲಿಟ್ಟ.

"ಮಷೀನ್ ಕೆಳಗಿಡ್ರಿ ಮೇಡಂ. ಇವನ್ನ ಹಿಡ್ಕೊಂಡು ಕೂಡ್ರಿ."

ಎರಡೂ ಕೈಯಲ್ಲಿ ಹಿಡಿದು ಕೂತೆ. ಅವು ಇನ್ನೂ ಒದ್ದೆಯಿದ್ದವು ಎಂದು ಈಗ ಇಲ್ಲಿ ಬರೆಯಹೊರಟೆ. ಆದರೆ ಚಪ್ಪಲಿಗೆ ನೀರು ತಾಕಿರಲೇ ಇಲ್ಲ. ಒದ್ದೆಯಾಗಿದ್ದದ್ದು ನನ್ನ ಅಂಗೈ.