ಕಿಟಕ್ಯಾಗ ಹಾದು ಹೋಗೋ ಸಾಲಿ

ನನಗೊಂದು ಕೆಟ್ಟ ಚಟ ಐತಿ, ಮುಚ್ಚಿಡೂದ್ರಾಗ ಅರ್ಥ ಇಲ್ಲ. ಯಾರ ಮನಿಗೆ ಹೋದರೂ ನನ್ನ ಕಣ್ಣು ಮೊದಲ ಬಾಗಲಾ ನೋಡೂದಿಲ್ಲ, ಕಿಟಕಿ ನೋಡತಾವ. ಎಷ್ಟು ಅಗಲ ಐತಿ, ನೆಲದಿಂದ ಎಷ್ಟು ಎತ್ತರ ಐತಿ, ಧೋತರ ಸಿಗಬೀಳೋ ಮೊಳಿ ಗಿಳಿ ಏನರ ಅದಾವೇನು ಅಂತ ಮನಸ್ಸಿನ್ಯಾಗ ಅಳತಿ ಹಾಕಿಬಿಡತೇನಿ. ಮನಿಯವರು ನನ್ನ ಕಳ್ಳ ಅಂತ ತಿಳಕೊಂಡರ ಅವರ ತಪ್ಪಲ್ಲ. ಆದರ ನಾನು ಕಳ್ಳ ಅಲ್ರಿ, ಕನ್ನಡ ಸಾಲಿ ಮಾಸ್ತರ. ನೌಕರಿಯ ಮೊದಲನೇ ವರ್ಷ ದಿನಾ ಸಾಲಿಗೆ ಕಿಟಕ್ಯಾಗಿಂದ ಹೋಗಿ ಕಿಟಕ್ಯಾಗಿಂದನ ಹೊರಗ ಬಂದವ.

ಬೈಲಹೊಂಗಲದಿಂದ ಕಿತ್ತೂರಿಗೆ ಹೋಗೋ ದಾರಿ ಮ್ಯಾಲಿನ ಸಣ್ಣ ಪ್ಯಾಟಿ ಅದು. ಊರ ಹೆಸರು ಹೇಳೂದಿಲ್ಲ. ಅಲ್ಲಿ ನನ್ನ ಶಿಷ್ಯಂದಿರು ಇನ್ನೂ ಅದಾರ, ಅವರ ಕಡೆ ಬಡಿಗಿ ಕೋಲೂ ಅದಾವ. ವಿಲಾಯತಿ ರಾಣಿ ಸರಕಾರ ಹೋಗಿ ಅಕಿ ಮಗನ ಸರಕಾರ ಬಂದ ಹೊಸದು. ಸಾಲಿ ಗ್ವಾಡಿ ಮ್ಯಾಲಿನ ಪಟದಾಗ ಮಾತ್ರ ಇನ್ನೂ ರಾಣಿನ ಕುಂತಿದ್ದಳು. ಮೊದಲ ಸಾಲಿ ಮಠದ ಪಡಸಾಲ್ಯಾಗ ನಡೀತಿತ್ತಂತ. ಒಂದು ದಿನ ಸರಕಾರದವರಿಗೆ ಏನು ಹೊಳೀತೋ ಏನೋ, ಹೊಸ ಕಟ್ಟಡದ ನಕಾಶೆ ಕಳಿಸಿದರು. ಪುಣೆದಾಗ ಕುಂತ ಯಾವನೋ ಇಂಜಿನೇರ ಸಾಹೇಬ ಬರದದ್ದು. ಒಂದು ಉದ್ದನ್ನ ಖೋಲಿ, ಮ್ಯಾಲೆ ಮಂಗಳೂರ ಹಂಚು, ಮುಂದ ಕಲ್ಲಿನ ಕಮಾನು, ಕಮಾನದಾಗ ಎರಡು ಕದದ ದೊಡ್ಡ ಬಾಗಲಾ. ಬಾಗಲಾ ದಾರಿ ಕಡೆ ಇರಬೇಕಂತ ಅಪ್ಪಣಿ. ದಾರಿ ಇದ್ದದ್ದು ದಕ್ಷಿಣಕ್ಕ. ಅಲ್ಲೇ ನೋಡ್ರಿ ಗಂಟು ಬಿದ್ದದ್ದು.

ಎಂಟು ದಿಕ್ಕಿಗೆ ಎಂಟು ಮಂದಿ ಯಜಮಾನರು. ಉತ್ತರಕ್ಕ ಕುಬೇರ, ಅಂವ ಯಾರಿಗೆ ಬ್ಯಾಡ? ಪೂರ್ವಕ್ಕ ಇಂದ್ರ, ನಡತಿ ಹಗರ ಆದರೂ ನಡೀತೈತಿ. ದಕ್ಷಿಣ ಮಾತ್ರ ಯಮರಾಯನ ಪಾಲು. ನಮ್ಮ ಕಡೆ ದಕ್ಷಿಣಕ್ಕ ಬಾಗಲಾ ಇಟ್ಟು ಯಾರೂ ದನದ ಕೊಟ್ಟಗಿ ಸುದ್ದಾ ಕಟ್ಟೂದಿಲ್ಲ. ಇತ್ತಕಡೆ ದೇಗಾಂವದ ಕಮಲನಾರಾಯಣ ಗುಡಿಯಂಥಾ ಗುಡಿ ಕಟ್ಟಿದ ಮಂದಿಯ ನಾಡು ಇದು. ಕಲ್ಲಿನ್ಯಾಗ ಬಳ್ಳಿ ಹಬ್ಬಿಸಿದ ಕೈಗೆ ಒಂದು ಬಾಗಲಾ ತಿರಗಿಸಿ ಇಡೂದು ಏನು ದೊಡ್ಡ ಮಾತು ಅಂತೀರಿ? ಆದರ ನಕಾಶೆ ಮ್ಯಾಲೆ ಸರಕಾರದ ಶಿಕ್ಕಾ ಬಿದ್ದಿತ್ತು. ನಕಾಶೆ ಮೀರಿದರ ಸೆರಮನಿ, ದಿಕ್ಕು ಮೀರಿದರ ಸುಡಗಾಡ. ಕಟ್ಟೋ ಗವಂಡಿಯ ಹೆಸರು ಯಮನಪ್ಪ ಅಂತ ಇದ್ದದ್ದು ಯಾರ ತಪ್ಪೂ ಅಲ್ಲ, ಆದರೂ ಮಂದಿಗೆ ಅದರಿಂದ ಧೈರ್ಯ ಏನೂ ಬರಲಿಲ್ಲ.

ಕಡೀಕ ಊರ ಗೌಡರು ನ್ಯಾಯ ಬಗಿಹರಿಸಿದರಂತ. "ನಕಾಶೆದಾಗ ಬಾಗಲಾ ಇಡ್ರಿ ಅಂದಾರ, ಇಡೂಣು. ದಾಟ್ರಿ ಅಂತ ಎಲ್ಲಿ ಬರದಾರ?"

ಹಂಗಾಗಿ ಕಮಾನೂ ಎದ್ದಿತು, ತೇಗಿನ ಕದಾನೂ ಕುಂತವು. ಒಳಗಿನಿಂದ ಅಗಳಿ ಜಡದು, ಅರಿಷಿಣ ಕುಂಕುಮ ಹಚ್ಚಿ, ಯಮರಾಯಗ ಒಂದು ಕಾಯಿ ಒಡದು ಕೈ ಮುಗದುಬಿಟ್ಟರು. ಪೂರ್ವದ ಗ್ವಾಡಿಯ ಕಿಟಕಿಯ ಸರಳು ಕಿತ್ತು, ಕೆಳಗೊಂದು ಹಾಸಗಲ್ಲು ಇಟ್ಟರು. ಸಾಲಿಯ ಹಾದಿ ಅದ. ಸರಕಾರನೂ ಖುಷಿ, ಶಾಸ್ತ್ರನೂ ಖುಷಿ. ದಕ್ಷಿಣದ ಬಾಗಲಾ ದಾಟಿದವರು ವರ್ಷದೊಳಗ ಮ್ಯಾಲೆ ಹೋಗತಾರ ಅನ್ನೂ ಮಾತು ಊರಾಗ ಹ್ಯಾಂಗ ಹುಟ್ಟಿತೋ ಗೊತ್ತಿಲ್ಲ. ಯಾರೂ ದಾಟಿದ್ದಿಲ್ಲಾದ್ದರಿಂದ ಅದು ಸುಳ್ಳಂತ ಹೇಳಾಕ ಯಾರ ಕಡೆನೂ ಪುರಾವೆ ಇದ್ದಿಲ್ಲ.

ನಾನು ಹೊಸಾ ಮಾಸ್ತರ ಆಗಿ ಹೋದ ದಿನ ಕಿಟಕಿ ಹತ್ತಿದೆ. ರುಮಾಲು ಹೊರಗ ಬಿತ್ತು, ಮಾಸ್ತರ ಒಳಗ ಬಿದ್ದ. ನಾಕು ಇಯತ್ತೆಯ, ಅಂದ್ರ ನಾಕೂ ವರ್ಗದ ಹುಡುಗರೂ ಎದ್ದು ನಿಂತು ಕೈ ಮುಗದರು. ಯಾರೂ ನಗಲಿಲ್ಲ, ಅದ ನನಗ ಹೆಚ್ಚು ಅಂಜಿಕಿ ತರಿಸಿತು. ನಾನು ಓದಿದವ, ಭೂಮಿ ಗುಂಡಗೈತಿ, ದಕ್ಷಿಣಕ್ಕ ನಡಕೋತ ಹೋದರ ಉತ್ತರಕ್ಕ ಮುಟ್ಟತೇವಿ ಅಂತ ದಿನಾ ಪಾಠ ಹೇಳಾಂವ. ಸಂಜಿ ಆತು ಅಂದ್ರ ಅದ ನಾನು ಕಚ್ಚಿ ಬಿಗದು ಕಿಟಕಿ ಹತ್ತತಿದ್ದೆ. ನಾಚಿಕಿ ಆಗತಿದ್ದಿಲ್ಲೇನು ಅಂತ ಕೇಳಬ್ಯಾಡ್ರಿ. ಆಗತಿತ್ತು.

ನನಗ ಆಗ ಜೀವದ ಮ್ಯಾಲೆ ಆಸೆ ಬಾಳ ಇತ್ತು, ಅದಕ್ಕ ಕಾರಣನೂ ಇತ್ತು. ಸವದತ್ತಿಯ ಹತ್ತಿ ವ್ಯಾಪಾರಿ ಸಂಗಪ್ಪನವರ ಮಗಳು ಗಂಗವ್ವನ್ನ ನನಗ ಕೊಡೂ ಮಾತು ನಡದಿತ್ತು. ಸಂಗಪ್ಪನವರು ಹತ್ತಿ ತುಂಬಿದ ಅಂಡಗಿ ಅಂಡಗಿಗೆ ಕೈ ಹಾಕಿ, ಎಳಿ ಜಗ್ಗಿ ನೋಡಿ ತಗೊಳ್ಳೋ ಮನಶ್ಯಾ. ವರಗಳನ್ನೂ ಹಂಗ ಜಗ್ಗಿ ಜಗ್ಗಿ ನೋಡಿ ಒಬ್ಬೊಬ್ಬರನ್ನ ಬಿಟ್ಟಿದ್ದರು. ಒಬ್ಬನ ಮೂಗು ಉದ್ದ, ಇನ್ನೊಬ್ಬ ಸೀನತಾನ. ಈ ಪರೀಕ್ಷೆದಾಗ ಮಗಳಿಗೆ ಇಪ್ಪತ್ತು ದಾಟಿತ್ತು, ಸವದತ್ತಿ ಮಂದಿ ಗುಸುಗುಸು ಅನ್ನಾಕ ಹತ್ತಿದ್ದರು. ನಾನು ಕನ್ಯಾ ನೋಡಾಕ ಹೋದಾಗ ಗಂಗವ್ವ ತಲಿ ಬಗ್ಗಿಸಲಿಲ್ಲ, ನೆಟ್ಟಗ ಮಾರಿ ನೋಡಿ ನಕ್ಕಳು. ನಾನು ಅವತ್ತ ಸೋತೆ. ಅವರ ತಂದೀದು ಒಂದ ಕರಾರು: "ನೌಕರಿ ಖಾಯಂ ಆಗಲಿ ಮಾಸ್ತರ, ಮರುದಿನ ಅಕ್ಕಿಕಾಳು." ಖಾಯಂ ಮಾಡೂದು ಸಾಲಿ ತಪಾಸಣಿಗೆ ಬರೋ ದಿಪೋಟಿ ಸಾಹೇಬರ ಕೈಯಾಗ.

ದಿಪೋಟಿ ಸಾಹೇಬರು ಧಾರವಾಡದವರು. ಬಂದರು. ಚಕ್ಕಡಿಯಿಂದ ಅವರು ಇಳದ ಮ್ಯಾಲೆ ಚಕ್ಕಡಿ ಒಂದು ಗೇಣು ಮ್ಯಾಲೆ ಎದ್ದಿತು. ಅವರನ್ನೊಮ್ಮೆ ನೋಡಿದೆ, ಕಿಟಕಿಯೊಮ್ಮೆ ನೋಡಿದೆ.

"ಬಾಗಲಾ ಯಾಕ ಹಾಕೀರಿ?" ಅಂದರು ಸಾಹೇಬರು.

ಗೌಡರು ಮುಂದ ಬಂದು ಕಿವ್ಯಾಗ ಎಲ್ಲಾ ಹೇಳಿದರು. ಗೌಡರಿಗೆ ಕಿವಿ ಮಂದ, ಹಂಗಾಗಿ ಅವರ ಪಿಸಮಾತು ಕಿತ್ತೂರಿಗೆ ಕೇಳಸತಿತ್ತು. ಸಾಹೇಬರು ಮೂಢನಂಬಿಕೆ ಬಿಡಬೇಕಂತ ಊರೂರಾಗ ಭಾಷಣ ಮಾಡವರು. ಕಮಾನು ನೋಡಿದರು. ಕೆಮ್ಮಿದರು. "ಗಾಳಿ ಬೆಳಕಿನ ವ್ಯವಸ್ಥಾ ಹ್ಯಾಂಗ ಅದ, ಮೊದಲ ಕಿಟಕಿ ತಪಾಸ ಮಾಡೋಣು," ಅಂದು ಪೂರ್ವಕ್ಕ ತಿರಗಿದರು.

ನಾನು ಮೊದಲ ಒಳಗ ಹಾರಿ ಕೈ ಕೊಟ್ಟೆ. ಸಾಹೇಬರ ರುಮಾಲು ಬಂತು, ಭುಜ ಬಂತು, ಕೋಟಿನ ಮೂರು ಗುಂಡಿ ಬಂದವು. ನಾಕನೇ ಗುಂಡಿಗೆ ಗಾಡಿ ನಿಂತಿತು. ಹಿಂದಕೂ ಇಲ್ಲ, ಮುಂದಕೂ ಇಲ್ಲ. ಖೋಲ್ಯಾಗ ಕತ್ತಲಾತು.

ದೊಡ್ಡ ಮಂದಿ ದೊಡ್ಡಸ್ತನ ಎಂಥಾದ್ದು ನೋಡ್ರಿ, ಸಾಹೇಬರು ಏನೂ ಆಗಿಲ್ಲ ಅನ್ನೂವಂಗ ಅಲ್ಲಿಂದನ ಪರೀಕ್ಷಾ ಶುರು ಮಾಡಿದರು. "ಮೂರನೇ ಇಯತ್ತೆ, ದಕ್ಷಿಣ ದಿಕ್ಕು ತೋರಸ್ರಿ." ಆ ಊರಾಗ ಹುಟ್ಟಿದ ಹುಡುಗರು ದಕ್ಷಿಣಕ್ಕ ಬಟ್ಟು ಮಾಡತಾವೇನ್ರಿ? ಎಲ್ಲಾರೂ ಕೈ ಬೆನ್ನ ಹಿಂದ ಇಟ್ಟುಕೊಂಡು ಬಾಗಲದ ಕಡೆ ಗದ್ದ ಅಷ್ಟ ಎತ್ತಿದರು. ನನ್ನ ನೌಕರಿ ಗದ್ದದ ಮ್ಯಾಲೆ ಹೋಗತೈತಿ ಅಂತ ನಾನು ಕಣ್ಣು ಮುಚ್ಚಿದೆ.

ಕಣ್ಣು ತಗದಾಗ ಸಾಹೇಬರ ಮಾರಿ ಬದನಿಕಾಯಿ ಬಣ್ಣಕ್ಕ ತಿರಗಿತ್ತು. ನಾನು ಕೈ ಹಿಡದು ಒಳಗ ಜಗ್ಗಿದೆ, ಎಷ್ಟು ಜಗ್ಗಿದರೂ ಅಷ್ಟ ಹಿಂದ ಸರೀತಿದ್ದರು. ಆಮ್ಯಾಲೆ ತಿಳೀತು, ಹೊರಗ ಗೌಡರು ಕಾಲು ಹಿಡದು ಜಗ್ಗಾಕ ಹತ್ತಿದ್ದರು. "ಬಿಡ್ರಿ ಗೌಡ್ರ!" ಅಂತ ಒದರಿದೆ. ಮೊದಲ ಕಿವುಡ, ಮ್ಯಾಲೆ ನಡುವ ಇಂಥಾ ಗ್ವಾಡಿ. "ಮಾಸ್ತರ, ಉಸರು... ಉಸರು ಹಿಡೀಲಿಕ್ಕೆ ಹತ್ತೇದ," ಅಂದರು ಸಾಹೇಬರು ಸಣ್ಣ ಕೂಸಿನಂಗ.

ಯಾರರ ಹೊರಗ ಹೋಗಿ ಗೌಡರ ಕೈ ಬಿಡಸಬೇಕು. ಕಿಟಕಿ ತುಂಬ ಸಾಹೇಬರು. ಉಳದದ್ದು ಒಂದ ಬಾಗಲಾ.

ಸುಳ್ಳು ಯಾಕ ಹೇಳಲಿ, ಅಗಳಿ ಮ್ಯಾಲೆ ಕೈ ಇಟ್ಟಾಗ ಭೂಮಿ ಗುಂಡಗಿದ್ದದ್ದು ಮರತ ಹೋತು. ಗಂಗವ್ವ ನಕ್ಕದ್ದು ನೆನಪಾತು, ಅಕಿ ಕೊಳ್ಳಾಗ ತಾಳಿ ಕಟ್ಟೂಕಿಂತ ಮೊದಲ ಹೋಗಿಬಿಡತೇನಲ್ಲಪಾ ಅಂತ ಅಳು ಬಂತು. ಹಿಂದಿಂದ ಸಾಹೇಬರು "ಹುಂ... ಹುಂ..." ಅಂದರು. ಅಗಳಿ ಕಿತ್ತೆ. ಕದ ಕಿರ್ರ್ ಅಂತ ಒದರಿದವು. ಕಣ್ಣು ಮುಚ್ಚಿ ದಾಟಿದೆ.

"ಮಾಸ್ತರು ಸತ್ರೋ!" ಅಂತ ನಾಕೂ ಇಯತ್ತೆ ಒಂದ ದನಿಯಿಂದ ಅಂದವು. ಲೆಕ್ಕದಾಗ ಎಂದೂ ಇಷ್ಟು ಒಮ್ಮತ ತೋರಿಸಿದವಲ್ಲ.

ಓಡಿ ಹೋಗಿ, ಗೌಡರ ಜೋಡಿ ನಾನೂ ಸೇರಿ ಒಂದ ಕಡೆ ಜಗ್ಗಿದ ಕೂಡಲೇ ಸಾಹೇಬರು ಪುಸಕ್ ಅಂತ ಹೊರಗ ಬಂದು ಗೌಡರ ಮ್ಯಾಲೆ ಕುಂತರು. ನೀರು ಕುಡದು, ಗಿಡದ ಬುಡಕ ಕುಂತನ ಶೇರಾ ಬರದರು: ಮಾಸ್ತರು ಸಮಯಕ್ಕ ಆಗವರು, ಖಾಯಂ ಮಾಡಬೇಕು, ಕಿಟಕಿ ಇನ್ನೊಂದು ಮೊಳ ಅಗಲ ಮಾಡಬೇಕು. ತಗದ ಬಾಗಲದ ಬಗ್ಗೆ ಒಂದಕ್ಷರ ಇದ್ದಿಲ್ಲ.

ನೌಕರಿ ಖಾಯಂ ಆತು, ಆದರ ಮಾಸ್ತರ ಖಾಯಂ ಅಲ್ಲ ಅಂತ ಊರವರು ನಿರ್ಧಾರ ಮಾಡಿದರು. ಅಡಗಿ ಆದ ಮನಿಯವರೆಲ್ಲಾ ಕರದು ಹೋಳಗಿ ಹಾಕಾಕ ಹತ್ತಿದರು. "ಉಣ್ರಿ, ಪಾಪ," ಅಂತಿದ್ದರು. ಮದವಿ ಕೋಟಿನ ಅಳತಿ ಕೊಡಾಕ ಹೋದರ ಸಿಂಪಿಗ್ಯಾ, "ಒಂದ್ ವರ್ಷ ತಡೀರಿ ಮಾಸ್ತರ, ಅರಬಿ ಯಾಕ ಹಾಳ ಮಾಡ್ತೀರಿ?" ಅಂದ.

ಸುದ್ದಿ ಸವದತ್ತಿಗೂ ಮುಟ್ಟಿತು. ಎಂಟು ದಿನಕ್ಕ ಸಂಗಪ್ಪನವರು ಕಿತ್ತೂರಿನ ತಂಗಿ ಮನಿಗೆ ಮಗಳನ್ನ ಕರಕೊಂಡು ಹೊಂಟವರು ಸಾಲಿ ಮುಂದ ಚಕ್ಕಡಿ ನಿಲ್ಲಿಸಿದರು. ನನ್ನನ್ನ ಮ್ಯಾಲಿಂದ ಕೆಳಗಿನತನಕ, ಮಳ್ಯಾಗ ತೊಯ್ದ ಅಂಡಗಿ ನೋಡಿದಂಗ ನೋಡಿದರು.

"ಮಾತು ಮುರಿಯೂದಿಲ್ಲ ಮಾಸ್ತರ. ಆದರ ಮಗಳ ಬಾಳೇವು. ಒಂದು ವರ್ಷ ಬದುಕಿ ತೋರಸ್ರಿ, ಆಮ್ಯಾಲೆ ನೋಡೋಣು."

ನನಗ ಸಿಟ್ಟು ಬಂತು, ದುಃಖನೂ ಬಂತು. ಗುರು ದಕ್ಷಿಣಾಮೂರ್ತಿ ದಕ್ಷಿಣಕ್ಕ ಮಾರಿ ಮಾಡೇ ಕುಂತಾನ, ಸಾಲಿಗೆ ಅದಕಿಂತ ಚಲೋ ದಿಕ್ಕು ಯಾವುದೈತ್ರಿ ಅಂತ ವಾದ ಮಾಡಬೇಕಿತ್ತು. ಈ ಮಾತು ಹೊಳದದ್ದು ಮರುದಿನ ಜಳಕ ಮಾಡುವಾಗ.

ಗಂಗವ್ವ ಚಕ್ಕಡಿಯಿಂದ ಇಳದಳು. "ಆ ಬಾಗಲಾ ಇದ ಏನ್ರಿ?" ಅಂತ ನನ್ನನ್ನ ಕೇಳಿದಳು. ನಾನು ಗದ್ದ ಎತ್ತಿ ತೋರಿಸಿದೆ. ಅಕಿ ಸೆರಗು ಸೊಂಟಕ್ಕ ಸಿಗಿಸಿ, ಸಂತಿಗೆ ಹೊಂಟಂಗ ಹೋಗಿ, ಅವತ್ತಿಂದ ಮುಚ್ಚದ ಹಂಗ ಬಿಟ್ಟಿದ್ದ ಆ ಕಮಾನು ದಾಟಿ ಒಳಗ ನಿಂತಳು. ಸಂಗಪ್ಪನವರು "ಏ, ಏ!" ಅಂದದ್ದು ಅಕಿ ಬೆನ್ನಿಗೆ ಕೇಳಸಲಿಲ್ಲ.

"ಅಪ್ಪಾ," ಅಂತ ಒಳಗಿಂದ ದನಿ ಬಂತು, "ಇನ್ನ ನನ್ನನ್ನ ಬ್ಯಾರೆ ಯಾರು ಮಾಡಕೋತಾರ?"

ಸಂಗಪ್ಪನವರು ನನ್ನ ಕಡೆ ತಿರಗಿ, ಪಂಚಾಂಗ ಯಾರ ಮನ್ಯಾಗೈತಿ ಅಂತ ಕೇಳಿದರು.

ಅಲ್ಲೀತನಕ ಆ ಸಾಲ್ಯಾಗ ಒಂದೂ ಹೆಣ್ಣು ಹುಡುಗಿ ಇದ್ದಿಲ್ಲ. ಯಾಕ ಅಂತ ನಾನಾಗಲಿ, ಗೌಡರಾಗಲಿ, ಊರೂರು ತಿರಗೋ ದಿಪೋಟಿ ಸಾಹೇಬರಾಗಲಿ ಕೇಳಿದವರಲ್ಲ. ಮದವಿ ಆಗಿ ಬಂದ ತಿಂಗಳದಾಗ ಗಂಗವ್ವ ಬಾಜೂ ಮನಿಯ ಎರಡು ಹುಡುಗ್ಯಾರ ಕೈ ಹಿಡದು ಆ ಬಾಗಲದಿಂದ ಒಳಗ ಕರಕೊಂಡು ಬಂದಳು. ವರ್ಷ ಕಳೀತು, ಯಾರೂ ಸಾಯಲಿಲ್ಲ, ಹನ್ನೊಂದು ಹುಡುಗ್ಯಾರಾದರು. ಗಂಡಸರು ಮಾತ್ರ ಇನ್ನೂ ಬಾಳ ದಿನ ಕಿಟಕಿನ ಹತ್ತತಿದ್ದರು. ನನ್ನ ಮ್ಯಾಲಿನ ಪ್ರೀತಿಗೆ ಜೀವದ ಹಂಗು ಬಿಟ್ಟು ದಾಟಿದ್ಯೇನ ಅಂತ ಅಕಿನ್ನ ನಾನು ಎಷ್ಟ ಸಲ ಕೇಳೇನೋ ಲೆಕ್ಕ ಇಲ್ಲ. ನಿನ್ನಿನೂ ಕೇಳಿದೆ. ಅಕ್ಕಿ ಆರಸೂದು ಬಿಡದ, "ಸೀರಿ ಉಟ್ಟಾಕಿ ಕಿಟಕಿ ಹತ್ತಬೇಕಾಗಿತ್ತೇನ್ರಿ?" ಅಂದಳು.