ಹನ್ನೆರಡು ಹಲಗೆ, ಹನ್ನೆರಡು ಕಪ್ಪೆ

ಗೆರೆಯಮ್ಮನ ಮುತ್ತಜ್ಜ ಬಂಡೆಗೆ ಕಿವಿಗೊಟ್ಟು ಬಿರುಕು ಎಲ್ಲಿದೆಯೆಂದು ಹೇಳುತ್ತಿದ್ದ. ಅಜ್ಜ ಒಂದೇ ಕಲ್ಲಿನಲ್ಲಿ ಹದಿನಾಲ್ಕು ಅಡಿಯ ಕಂಬ ಕಡಿದು, ಅದು ಎದ್ದು ನಿಂತ ದಿನ ಅದರ ನೆರಳಲ್ಲೇ ಬಿದ್ದುಕೊಂಡು ಗೊರಕೆ ಹೊಡೆದ. ಅಪ್ಪನ ಕಾಲಕ್ಕೆ ಕಂಬ ಹೋಗಿ ಚಪ್ಪಡಿ ಬಂತು. ಆತ ಅದನ್ನು ಮುಖ ಕಾಣುವಂತೆ ಉಜ್ಜಿದ. ಗೆರೆಯಮ್ಮನ ಪಾಲಿಗೆ ಕಲ್ಲೇ ಉಳಿಯಲಿಲ್ಲ. ಸಿಮೆಂಟ್ ಹಲಗೆಯ ಮೇಲೆ ಕುಂಚದಿಂದ ಗೆರೆಯೆಳೆದು ಕಣ್ಣಿಗೆ ಕಲ್ಲೆಂದು ನಂಬಿಸುವುದೇ ಆಕೆಯ ಕಸುಬು.

"ಅಜ್ಜ ಕಡಿದ, ಅಪ್ಪ ಉಜ್ಜಿದ, ನಾನು ಸುಳ್ಳು ಹೇಳ್ತೀನಿ. ಹೇಳೋ ಸುಳ್ಳಾದರೂ ನೆಟ್ಟಗಿರಬೇಕಲ್ಲ" ಎನ್ನುತ್ತಿದ್ದಳು.

ಹಳೆಯ ಅರಮನೆಯ ಹಾಗೆ ಕಮಾನು, ಕಂಬಗಳಿದ್ದ ಹದಿನಾರು ಮಹಡಿಯ ಕಟ್ಟಡ ಏಳುತ್ತಿತ್ತು. ಕೆಳಗಿನ ಎರಡು ಮಹಡಿಗೆ ನಿಜವಾದ ಕಲ್ಲು. ಅಲ್ಲಿಂದ ಮೇಲೆ ಗೆರೆಯಮ್ಮನ ಕಲ್ಲು. ಆಕೆ ಐದನೇ ಮಹಡಿ ಮುಗಿಸುವಷ್ಟರಲ್ಲಿ ಎಂಜಿನಿಯರು ಒಂದು ಸುರುಳಿ ಹೊತ್ತು ತಂದ. ಕಲ್ಲಿನ ಚಿತ್ರ ಅಚ್ಚಾದ ಅಂಟುಹಾಳೆ, ಖರ್ಚು ಅರ್ಧಕ್ಕರ್ಧ ಕಡಿಮೆ.

"ಇನ್ನು ಮೇಲಕ್ಕೆ ಇದೇ ಸಾಕಮ್ಮ. ದೂರದ ಬೆಟ್ಟ ನುಣ್ಣಗೆ. ಅಷ್ಟೆತ್ತರಕ್ಕೆ ಯಾರು ಕತ್ತೆತ್ತಿ ನೋಡ್ತಾರೆ?"

ಗೆರೆಯಮ್ಮ ಕುಂಚ ಕೆಳಗಿಡಲಿಲ್ಲ. ಈ ವಯಸ್ಸಿನಲ್ಲಿ ಒಮ್ಮೆ ಕುಂಚ ಕೆಳಗಿಟ್ಟರೆ ಮತ್ತೆ ಕರೆಯುವವರಿಲ್ಲ.

"ಹತ್ತನೇ ಮಹಡೀಲಿ ಒಂದು ಕೈ ನೋಡೋಣಪ್ಪ. ನಂದೊಂದು ಸಾಲು, ನಿಂದೊಂದು ಸಾಲು" ಎಂದಳು.

ಎರಡೂ ಸಾಲು ಮುಗಿದ ಮೇಲೆ ಇಬ್ಬರೂ ಬೀದಿಯಲ್ಲಿ ನಿಂತು ನೋಡಿದರು. ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಗೆರೆಯಮ್ಮ ಅದನ್ನು ಮುಚ್ಚಿಡಲಿಲ್ಲ.

"ಇಲ್ಲಿ ನೀನೇ ಗೆದ್ದೆ. ಆದರೆ ಬೀದೀಲಿ ಯಾರೂ ಸಂಸಾರ ಮಾಡಲ್ಲವಲ್ಲ. ಮೇಲಕ್ಕೆ ಬಾ."

ಹತ್ತನೇ ಮಹಡಿಯ ಬಾಲ್ಕನಿಯಲ್ಲಿ ಗೋಡೆ ಕೈಗೆಟಕುವಷ್ಟು ಹತ್ತಿರ. ಅಂಟುಹಾಳೆಯ ಮೊದಲ ಹಲಗೆಯಲ್ಲಿ ಕಪ್ಪೆಯಂಥ ಒಂದು ಮಚ್ಚೆ. ಎರಡನೆಯದರಲ್ಲೂ ಅದೇ ಕಪ್ಪೆ, ಅದೇ ಮೂಲೆಯಲ್ಲಿ. ಹನ್ನೆರಡು ಹಲಗೆ, ಹನ್ನೆರಡು ಕಪ್ಪೆ.

"ಬೆಳಿಗ್ಗೆ ಎದ್ದು ಇಲ್ಲಿ ನಿಂತು ಹಲ್ಲುಜ್ಜೋರು ದಿನಾ ಇವನ್ನ ಎಣಿಸ್ತಾರೆ. ಎಣಿಸಿ ಮುಗಿದ ಮೇಲೆ ಮನೆ ಮಾರಿದೋರನ್ನ ನೆನೆಸ್ಕೋತಾರೆ. ಅವರಿಗೆ ಇದು ಹತ್ತಿರದ ಬೆಟ್ಟ ಕಣಪ್ಪ."

ಎಂಜಿನಿಯರು ನಕ್ಕುಬಿಟ್ಟ. ಆಕೆಯ ಸಾಲಿನ ಮೇಲೆ ಬೆರಳಾಡಿಸಿದ. ಒಂದು ಹಲಗೆಯಲ್ಲಿ ಹುಟ್ಟಿದ ಗೆರೆ ಪಕ್ಕದ್ದಕ್ಕೆ ಹರಿದು, ಕವಲೊಡೆದು, ಮೂರನೆಯದರಲ್ಲಿ ಸಣ್ಣಗಾಗಿ ಅಳಿದಿತ್ತು. ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ಹಾಳೆ ಅಂಟಿಸಲು ತಂದಿದ್ದ ಸ್ಟೂಲನ್ನು ಕೈಗೆತ್ತಿಕೊಂಡ.

"ಆಯ್ತು, ಕೊನೇ ಮಹಡಿವರೆಗೂ ನೀವೇ ಬರೀರಿ. ಆದರೆ ಮಂಡಿನೋವು ಅಂತಿದ್ರಲ್ಲ, ಜೊತೆಗೆ ಇಬ್ಬರು ಪೇಂಟರನ್ನ ಕೊಡ್ಲಾ?"

"ಬೇಡಪ್ಪ. ಮೂರು ಕೈ ಬಿದ್ದರೆ ಮೂರು ಬೆಟ್ಟದ ಕಲ್ಲಾಗುತ್ತೆ. ಮಂಡಿ ನಂದು, ನೋವೂ ನಂದೇ. ನಾನು ಕೂತು ಬರೆಯೋಕೆ ಆ ಸ್ಟೂಲು ಇಲ್ಲೇ ಬಿಟ್ಟು ನೀನು ಕೆಳಗೆ ಹೋಗು."