ಖಂಡೆ ನವಮಿಯ ಬೂಟು

…ಬೂಟು ಕಂದು ಬಣ್ಣದ್ದೆಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಆದರೆ ಕಪ್ಪೇ ಇರಬೇಕು. ಆ ಕಾಲದ ಫುಟ್‌ಬಾಲ್ ಬೂಟುಗಳೆಲ್ಲ ಕಪ್ಪು. ಕಂದು ಎಲ್ಲಿಂದ ಬಂತೋ. ನಮ್ಮ ಮನೆ ಮಾಲೀಕರು ಅದಕ್ಕೆ ಹಚ್ಚುತ್ತಿದ್ದ ಎಣ್ಣೆಯ ವಾಸನೆಯಿಂದ ಇರಬಹುದು. ವಾಸನೆಯೇ ನೆನಪಿನಲ್ಲಿ ಬಣ್ಣವಾಗುತ್ತದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಅದಕ್ಕೇ ನಂಬಿಕೆ ಬರುವುದಿಲ್ಲ. ಬೂಟು ಇದ್ದದ್ದು ನಿಜ. ನಮ್ಮ ಅಡಿಗೆಮನೆಯಲ್ಲಿ ದೇವರ ಮುಂದೆ ಇದ್ದದ್ದೂ ನಿಜ. ಇಷ್ಟನ್ನು ನನ್ನ ಹೆಂಡತಿಯೂ ಒಪ್ಪುತ್ತಾಳೆ. ಉಳಿದದ್ದರಲ್ಲಿ ನಮ್ಮಿಬ್ಬರಿಗೆ ಇವತ್ತಿಗೂ ಜಗಳ.

ಎಪ್ಪತ್ತರ ದಶಕದ ನಡುವಿನ ಯಾವುದೋ ವರ್ಷ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಜರ್ಮನ್ನರೇ ಹೆಚ್ಚಾಗಿದ್ದ ಬೀದಿಯೊಂದರಲ್ಲಿ, ಇಟ್ಟಿಗೆಯ ಮನೆಯ ಮಹಡಿಯ ಮೇಲೆ ನಾವು ಬಾಡಿಗೆಗಿದ್ದೆವು. ನಾನು ಮೈಸೂರಿನವನು, ಸೇತುವೆಗಳ ಲೆಕ್ಕ ಹಾಕುವ ಎಂಜಿನಿಯರ್. ಹೆಂಡತಿ ಧಾರವಾಡದವಳು. ಕೆಳಗೆ ಮನೆಯ ಮಾಲೀಕರು ಒಬ್ಬರೇ ಇದ್ದರು. ನಲವತ್ತೈದರ ಆಸುಪಾಸಿನ ಜರ್ಮನ್, ಬಿಯರ್ ಕಾರ್ಖಾನೆಯಲ್ಲಿ ಕೆಲಸ.

ಅವರ ಬದುಕನ್ನು ನಾನು ಹೀಗೆ ಹೇಳುತ್ತಿರುತ್ತೇನೆ. ಕಲ್ಲಿದ್ದಲಿನ ಊರು. ಯುದ್ಧ ಮುಗಿದಾಗ ಇನ್ನೂ ಹುಡುಗ, ಬಾಂಬಿಗೆ ಕುಸಿದ ಗೋಡೆಗಳ ನಡುವೆ ಚಿಂದಿಯ ಚೆಂಡು. ಆಮೇಲೆ ವಾರವಿಡೀ ಗಣಿ, ಭಾನುವಾರ ಊರಿನ ಕ್ಲಬ್ಬಿಗೆ ಆಟ. ಲಾರಿಯಲ್ಲಿ ಹಳ್ಳಿಗಳಿಗೆ ಹೋಗಿ ಆಡಿದರೆ ಸಿಗುತ್ತಿದ್ದದ್ದು ಆಲೂಗಡ್ಡೆಯ ಚೀಲ. ಮೈದಾನದ ಎಡ ಅಂಚಿನಲ್ಲಿ ಓಡುವ ಆಟಗಾರ. ಒಂದು ದಿನ ಮೊಣಕಾಲು ತಿರುಚಿತು. ವಾಸಿಯಾಗಿ ಬರುವಷ್ಟರಲ್ಲಿ ಆ ಜಾಗದಲ್ಲಿ ಬೇರೊಬ್ಬನಿದ್ದ. ಕ್ಲಬ್ಬು ಮತ್ತೆ ಕರೆಯಲಿಲ್ಲ. ಕ್ವೀನ್ಸ್‌ನ ಜರ್ಮನ್ನರ ಕ್ಲಬ್ಬು ಕೆಲಸ ಕೊಡಿಸಿ ಇಲ್ಲಿಗೆ ಕರೆಸಿಕೊಂಡಿತು.

ಅವರು ಇಷ್ಟು ಸಾಲಾಗಿ ಎಂದೂ ಹೇಳಿದವರಲ್ಲ. ಆಲೂಗಡ್ಡೆಯ ಮಾತು ಎಷ್ಟೋ ಸಲ ಬಂದಿತ್ತು. ಮೊಣಕಾಲಿನದು ಒಂದೇ ಸಲ, ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು, ಬೀದಿಯ ಕಡೆ ನೋಡುತ್ತ. ಸಾಲಾಗಿ ಜೋಡಿಸಿದ್ದು ನಾನು.

ಆ ವರ್ಷದ ಶರತ್ಕಾಲದಲ್ಲಿ ಅವರ ಊರಿನ ಕ್ಲಬ್ಬಿನ ಹಳೆಯ ಆಟಗಾರರು ನ್ಯೂಯಾರ್ಕಿಗೆ ಪ್ರವಾಸ ಬರುವವರಿದ್ದರು. ಇಲ್ಲಿನ ಹಳಬರ ಜೊತೆ ಒಂದು ಪಂದ್ಯ. ಮೊಣಕಾಲಿನ ವರ್ಷ ಇವರ ಜಾಗಕ್ಕೆ ಬಂದವನೂ ಬರುತ್ತಿದ್ದ. ಬೇಸಿಗೆಯಿಂದಲೇ ಮಾಲೀಕರು ಹತ್ತಿರದ ಸ್ಮಶಾನದ ಬೇಲಿಗುಂಟ ಓಡಲು ಶುರುಮಾಡಿದರು. “ಗೆಲ್ಲೋದು ಬೇಡ,” ಎಂದಿದ್ದರು ನನ್ನ ಹತ್ತಿರ, ಏದುಸಿರು ಬಿಡುತ್ತ. “ಒಂದೇ ಒಂದು ಸಲ ಅವನು ನೋಡೋ ಹಾಗೆ ಆಡಬೇಕು, ಅಷ್ಟೇ.”

ಪಂದ್ಯದ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಖಂಡೆ ನವಮಿ. ಮೈಸೂರಿನ ಕಡೆ ಆಯುಧಪೂಜೆ ಎನ್ನುತ್ತೇವೆ. ನಿಜವಾದ ನವಮಿ ವಾರದ ನಡುವೆ ಎಂದೋ ಮುಗಿದಿತ್ತು. ಎಲ್ಲ ಹಬ್ಬವನ್ನೂ ವೀಕೆಂಡಿಗೆ ತಳ್ಳುವುದು ಇಲ್ಲಿ ನಾವೆಲ್ಲ ಕಲಿತ ವಿದ್ಯೆ. ಹೊಲಿಗೆ ಮಷೀನು, ಈಳಿಗೆ, ಲೆಕ್ಕ ಹಾಕುವ ನನ್ನ ಸ್ಲೈಡ್ ರೂಲ್ ಎಲ್ಲಕ್ಕೂ ಕುಂಕುಮ ಹಚ್ಚಿ ಆಗಿತ್ತು. ಮಾಲೀಕರು ಮನೆ ಬೆಚ್ಚಗಿಡುವ ರೇಡಿಯೇಟರ್ ನೋಡಲು ಮೇಲೆ ಬಂದರು. ಇದೇನು ಎಂದು ಕೇಳಿದರು. ಅನ್ನ ಕೊಡುವ ಸಾಮಾನಿಗೆ ವರ್ಷಕ್ಕೊಮ್ಮೆ ಮರ್ಯಾದೆ ಎಂದೆ.

“ಅವರ ಪಾನಾನೂ ಇಡಲಿಕ್ಕೆ ಹೇಳ್ರಿ,” ಎಂದಳು ನನ್ನ ಹೆಂಡತಿ, ಅವರ ಕೈಯಲ್ಲಿದ್ದ ಸ್ಪ್ಯಾನರ್ ತೋರಿಸಿ.

ಹೇಳಿದೆ. ಅವರು ಅದನ್ನೊಮ್ಮೆ ನೋಡಿಕೊಂಡು, “ಇದಲ್ಲ ನನ್ನ ಆಯುಧ,” ಎಂದು ಕೆಳಗೆ ಹೋಗಿ ಬೂಟು ಹಿಡಿದುಕೊಂಡು ಬಂದರು.

“ಕಾಲಾಗ ಹಾಕ್ಕೊಳ್ಳೂದನ್ನ ದೇವರ ಮುಂದ ಇಡತಾರೇನ್ರಿ? ನಿಮ್ಮ ಮೈಸೂರಾಗ ಇಡತಿದ್ರೇನು?”

“ತೊಗಲು ಅಂತ ತಾನೇ? ನಿಮ್ಮಪ್ಪ ಪೂಜೆಗಿಡೋ ತಬಲಾ ಯಾತರದ್ದು?”

“ತಬಲಾ ಕೈಲೆ ಬಾರಸ್ತಾರ್ರಿ.”

“ನಿನ್ನ ಮಷೀನು? ಅದನ್ನ ಕಾಲಲ್ಲೇ ಅಲ್ವೇನೆ ತುಳಿಯೋದು?”

ಅವಳು ಮಷೀನನ್ನೂ ನನ್ನನ್ನೂ ನೋಡಿ ನಕ್ಕುಬಿಟ್ಟಳು. “ಮಾತಿಗೆ ನೀವು ಸೋಲೂದಿಲ್ಲ. ಹೂಂ, ತಳಾ ತೊಳಕೊಂಡು ಬರ್ಲಿಕ್ಕೆ ಹೇಳ್ರಿ.”

ಅವರು ನಮ್ಮ ಸಿಂಕಿನಲ್ಲೇ ತೊಳೆದರು. ತಳದ ಮೊಳೆಗಳ ಸಂದಿಯ ಮಣ್ಣನ್ನು ಉಗುರಿನಿಂದ ತೆಗೆದರು. ಅವಳು ಪೇಪರ್ ಹಾಸಿ ಬೂಟು ಇಡಿಸಿ, ಎರಡಕ್ಕೂ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ ಆರತಿ ಎತ್ತಿದಳು. ಆರತಿ ಮುಗಿದ ಕೂಡಲೇ ಅವರು ಬಗ್ಗಿ ಬೂಟಿಗೆ ಕೈಚಾಚಿದರು.

“ಏ, ಏ, ಮುಟ್ಟಬ್ಯಾಡ್ರಿ! ಇವತ್ತ ಅವಕ್ಕ ಸೂಟಿ. ನಾಳೆ ಮುಂಜಾನೆನ ತಗೀಬೇಕು.”

ಪೂಜೆಗಿಟ್ಟ ಸಾಮಾನನ್ನು ಆ ದಿನ ಬಳಸುವಂತಿಲ್ಲ. ಇಷ್ಟು ಗೊತ್ತಿರುವ ನಮ್ಮಿಬ್ಬರಿಗೂ ವಾದದ ಗದ್ದಲದಲ್ಲಿ ಪಂದ್ಯದ ನೆನಪಾಗಿರಲಿಲ್ಲ. ನಾನು ತಡವರಿಸುತ್ತ ವಿವರಿಸಿದೆ. ಜೊತೆಗೇ, ತಿಥಿ ಪ್ರಕಾರ ಹಬ್ಬ ಮುಗಿದುಹೋಗಿದೆ, ಇವತ್ತಿನದು ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು, ತೆಗೆದುಕೊಳ್ಳಿ ಎಂದೆ. ಅವಳಿಗೂ ಕಸಿವಿಸಿ: “ಒಯ್ಯಲಿ ಬಿಡ್ರಿ, ದೇವರೇನು ಬಡಿಗಿ ತಗೊಂಡು ನಿಂತಿಲ್ಲ.”

ಅವರು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. “ರಜ ಅಂದರೆ ರಜ,” ಎಂದರು. ಸ್ಪ್ಯಾನರ್ ತೆಗೆದುಕೊಂಡು ಕೆಳಗಿಳಿದರು.

ಪಂದ್ಯ ನೋಡಲು ನಾವಿಬ್ಬರೂ ಹೋದೆವು. ಮೈದಾನ ಎಂದರೆ ತಂತಿಬೇಲಿಯೊಳಗಿನ ಬರೀ ಮಣ್ಣು, ಪಕ್ಕದಲ್ಲಿ ಎತ್ತರದ ಹಳಿಯ ಮೇಲೆ ರೈಲು. ಅವರು ಉಣ್ಣೆಯ ಕೋಟು, ದಿನಬಳಕೆಯ ಷೂ ಹಾಕಿಕೊಂಡು ಬಂದಿದ್ದರು. ಜೊತೆಗಾರರು ತಮ್ಮ ಬೂಟು ಕೊಡುತ್ತೇವೆಂದರೆ ನಮ್ಮತ್ತ ಕೈ ತೋರಿಸಿ, ನಮಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ, “ಇವರ ದೇವರು ರಜ ಕೊಟ್ಟಿದ್ದಾನೆ,” ಎಂದರು. ಎಲ್ಲರೂ ನಕ್ಕರು. ಹೆಂಡತಿ ಹೇಳುವುದು ಬೇರೆ: ಅವರು ಶೆಡ್ಡಿನೊಳಗೆ ಹೋಗಿ ಯಾರದೋ ಬೂಟು ಹಾಕಿ ನೋಡಿ, ಬಿಚ್ಚಿಟ್ಟು ಬಂದರಂತೆ. ನಾನು ಅದನ್ನು ಕಂಡಿಲ್ಲ. ಕಂಡು ಮರೆತಿರಲೂಬಹುದು. ಪಂದ್ಯದಲ್ಲಿ ಯಾರು ಗೆದ್ದರೆಂಬುದು ಇಬ್ಬರಿಗೂ ನೆನಪಿಲ್ಲ. ಅವರು ಮಾತ್ರ ಎಡ ಅಂಚಿನ ಗೆರೆಗುಂಟ, ಚೆಂಡು ಹೋದತ್ತ ಹೋಗುತ್ತ, ಬರುತ್ತ ಇದ್ದರು.

ಮುಗಿದ ಮೇಲೆ ಬೋಳುತಲೆಯ ದಪ್ಪ ಮನುಷ್ಯನೊಬ್ಬ ಅವರ ಬಳಿ ಬಂದ. ಇವರ ಜಾಗಕ್ಕೆ ಬಂದಿದ್ದವನು ಅವನೇ ಎಂದು ಯಾರೂ ಹೇಳಬೇಕಾಗಲಿಲ್ಲ. ಇಬ್ಬರೂ ಬೇಲಿಗೆ ಒರಗಿ ಬಹಳ ಹೊತ್ತು ಜರ್ಮನಿನಲ್ಲಿ ಮಾತಾಡಿದರು. ಒಮ್ಮೆ ಅವನು ಬಗ್ಗಿ ಇವರ ಮೊಣಕಾಲನ್ನು ಮುಟ್ಟಿದ.

ಮರುದಿನ ಬೆಳಿಗ್ಗೆ ಅವರು ಬಂದು ಬೂಟು ಒಯ್ದರು. ಬನ್ನಿ ಎಲೆ ಸಿಗದ ಊರು. ಹೆಂಡತಿ ಅವರ ಅಂಗೈಗೆ ಮೇಪಲ್ ಎಲೆ ಇಟ್ಟು, “ಬಂಗಾರದಂಗ ಇರೂಣು,” ಎಂದಳು. ಅವರಿಗೆ ಅರ್ಥವಾಗಲಿಲ್ಲ, ಆದರೂ ತಲೆಬಾಗಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅವರು ಸ್ಮಶಾನದ ಬೇಲಿಗುಂಟ ಓಡಿದ್ದನ್ನು ನಾನು ನೋಡಲಿಲ್ಲ. ಕಾರ್ಖಾನೆ ಮುಚ್ಚಿತು, ಅವರು ಮನೆ ಮಾರಿದರು, ನಾವು ನ್ಯೂಜೆರ್ಸಿಗೆ ಬಂದೆವು.

ಅವರು ಆಡದೆ ಉಳಿದದ್ದು ಅವಳ ಮಾತಿನ ಮೇಲಿನ ಗೌರವಕ್ಕೋ, ಮೊಣಕಾಲಿಗೆ ಹೆದರಿಯೋ, ಅವನ ಕಣ್ಣೆದುರು ಸೋಲಬಾರದೆಂದೋ, ನನಗೆ ಗೊತ್ತಿಲ್ಲ. ಬೇಲಿಯ ಹತ್ತಿರ ಏನು ಮಾತಾಡಿದರೆಂದು ಕೇಳಲಿಲ್ಲ. ಅವರು ಈಗ ಇದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ.